ಅನುವಂಶಿಕ ಕಾರಣದಿಂದ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿರುವ ಮಹಿಳೆಯರ ತಪಾಸಣೆ

ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟ ಮಹಿಳೆಯರಿಗೆ 5 ವರ್ಷಗಳಿಗೊಮ್ಮೆ ಆರೋಗ್ಯ ಸಿಬ್ಬಂದಿಯು ಸ್ತನಗಳನ್ನು ಕೈಯಿಂದ ಪರೀಕ್ಷಿಸುವ ಕ್ರಮವಿದೆ. ಸಾಮಾನ್ಯ ಅಪಾಯವುಳ್ಳವರಿಗಾಗಿ ರೂಪಿತವಾದ ಈ ಕ್ರಮವು ಬಿಆರ್‌ಸಿಎ 1 ಅಥವಾ ಬಿಆರ್‌ಸಿಎ 2 ಎಂಬ ವಂಶವಾಹಿಗಳಲ್ಲಿ ದೋಷವುಳ್ಳ ಮಹಿಳೆಯರಿಗೆ ಸಾಲದು. ಇಂತಹವರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಉಂಟಾಗುವ ಸಂಭವ ಸುಮಾರು ಶೇ. 70ರಷ್ಟಿದ್ದು, ಹಲವರಲ್ಲಿ ರೋಗವು 40 ವರ್ಷಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ.

ಕುಟುಂಬದ ವಿವರ

ರಕ್ತಸಂಬಂಧಿಗಳಲ್ಲಿ 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಆಗಿದ್ದಲ್ಲಿ, ಎರಡೂ ಸ್ತನಗಳಲ್ಲಿ ಆಗಿದ್ದಲ್ಲಿ, ಪುರುಷರಿಗೆ ಸ್ತನ ಕ್ಯಾನ್ಸರ್ ಅಥವಾ ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಆಗಿದ್ದಲ್ಲಿ ವೈದ್ಯರಿಗೆ ತಿಳಿಸತಕ್ಕದ್ದು. ತಾಯಿಯ ಕಡೆಯವರನ್ನು ಮಾತ್ರ ಹೇಳಿ ತಂದೆಯ ಕಡೆಯವರನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ದೋಷವುಳ್ಳ ತಂದೆಯಿಂದಲೂ ಪ್ರತಿ ಮಗುವಿಗೆ, ಅದು ಹೆಣ್ಣಾಗಲಿ ಗಂಡಾಗಲಿ, ಶೇ. 50ರಷ್ಟು ಸಂಭವದಲ್ಲಿ ಅದು ಬರುತ್ತದೆ. ಆದುದರಿಂದ ಸೋದರತ್ತೆ ಹಾಗೂ ತಂದೆಯ ತಾಯಿಯ ಕಾಯಿಲೆಯನ್ನೂ ವಿಚಾರಿಸಿ ಬರುವುದು ಅವಶ್ಯ. "ಹೊಟ್ಟೆಯಲ್ಲಿ ಗೆಡ್ಡೆಯಾಗಿತ್ತು" ಎಂದಷ್ಟೇ ಮನೆಯವರು ಹೇಳುವ ಕಾಯಿಲೆಯು ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು. ಹಳೆಯ ಬಯಾಪ್ಸಿ ವರದಿ ಇದ್ದಲ್ಲಿ ತರತಕ್ಕದ್ದು.

ಸೋದರ ಸಂಬಂಧದ ವಿವಾಹ ರೂಢಿಯಲ್ಲಿರುವ ಕುಟುಂಬಗಳಲ್ಲಿ ಪತಿ ಪತ್ನಿಯರಿಬ್ಬರಲ್ಲೂ ಒಂದೇ ದೋಷವಿರಬಹುದು. ಇಬ್ಬರಿಂದಲೂ ಬಿಆರ್‌ಸಿಎ 2 ದೋಷವನ್ನು ಪಡೆದ ಮಗುವಿಗೆ ಫ್ಯಾಂಕೋನಿ ರಕ್ತಹೀನತೆ ಎಂಬ ತೀವ್ರ ಕಾಯಿಲೆ ಬರುವುದರಿಂದ ಮದುವೆಗೆ ಮುನ್ನ ಸಮಾಲೋಚನೆ ಪಡೆಯುವುದು ಒಳ್ಳೆಯದು.

ವಂಶವಾಹಿ ಪರೀಕ್ಷೆ

ರಕ್ತ ಅಥವಾ ಜೊಲ್ಲಿನ ಮಾದರಿಯಿಂದ ಪರೀಕ್ಷೆ ನಡೆಸಲಾಗುವುದು. ಸಾಧ್ಯವಿದ್ದಲ್ಲಿ ಕ್ಯಾನ್ಸರ್ ಬಂದಿರುವ ಸದಸ್ಯರನ್ನೇ ಮೊದಲು ಪರೀಕ್ಷಿಸಬೇಕು. ಅವರಲ್ಲಿ ಕಂಡುಬಂದ ದೋಷವು ಇನ್ನೊಬ್ಬರಲ್ಲಿ ಇಲ್ಲವೆಂದಾದರೆ, ಆ ದೋಷದಿಂದಾಗುವ ಹೆಚ್ಚಿನ ಅಪಾಯ ಅವರಿಗಿರುವುದಿಲ್ಲ. ಕುಟುಂಬದಲ್ಲಿ ಯಾವ ದೋಷವಿದೆಯೆಂದು ತಿಳಿಯದೆ ಬಂದ "ಇಲ್ಲ" ಎಂಬ ವರದಿಯನ್ನು ಅಷ್ಟೇ ಖಚಿತವೆಂದು ಭಾವಿಸಬಾರದು. "ಅರ್ಥ ಅನಿಶ್ಚಿತವಾದ ಬದಲಾವಣೆ" ಎಂದು ವರದಿ ಬಂದಲ್ಲಿ ಅದರ ಆಧಾರದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಾರದು.

ತಪಾಸಣಾ ಕ್ರಮ

ದೋಷ ದೃಢಪಟ್ಟ ಮಹಿಳೆಯರು 25ನೇ ವಯಸ್ಸಿನಿಂದ 6 ರಿಂದ 12 ತಿಂಗಳಿಗೊಮ್ಮೆ ವೈದ್ಯರಿಂದ ಸ್ತನ ಪರೀಕ್ಷೆಯನ್ನೂ, ವರ್ಷಕ್ಕೊಮ್ಮೆ ಎಂಆರ್‌ಐ ಪರೀಕ್ಷೆಯನ್ನೂ ಮಾಡಿಸಿಕೊಳ್ಳತಕ್ಕದ್ದು. 30ನೇ ವಯಸ್ಸಿನಿಂದ ಇದರೊಂದಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಸೇರುತ್ತದೆ. ಕುಟುಂಬದಲ್ಲಿ 30 ವರ್ಷದೊಳಗೆ ರೋಗ ಬಂದಿದ್ದಲ್ಲಿ ಇನ್ನೂ ಮೊದಲೇ ಆರಂಭಿಸಬೇಕಾಗಬಹುದು. ಯುವತಿಯರ ಸ್ತನದ ಅಂಗಾಂಶ ಸಾಂದ್ರವಾಗಿದ್ದು ಮ್ಯಾಮೊಗ್ರಾಂ ಚಿತ್ರದಲ್ಲಿ ಗೆಡ್ಡೆಯಂತೆಯೇ ಬೆಳ್ಳಗೆ ಕಾಣುತ್ತದೆ. ಈ ಕಾರಣದಿಂದ ಎಂಆರ್‌ಐ ಅಗತ್ಯವಾಗಿದ್ದು, ಅದರ ಬದಲಿಗೆ ಕೇವಲ ಮ್ಯಾಮೊಗ್ರಾಂ ಮಾಡಿಸಿದರೆ ಸಾಕೆಂದು ತಿಳಿಯಬಾರದು.

ಮುಟ್ಟು ಆರಂಭವಾದ 7 ರಿಂದ 15ನೇ ದಿನದೊಳಗೆ ಎಂಆರ್‌ಐಗೆ ದಿನಾಂಕ ಪಡೆಯುವುದು ಸೂಕ್ತ. ಬೋರಲಾಗಿ ಮಲಗಿಸಿ, ರಕ್ತನಾಳದ ಮೂಲಕ ಔಷಧ ನೀಡಿ ಚಿತ್ರ ತೆಗೆಯಲಾಗುವುದು. ತಾಳಿ, ಮೂಗುತಿ, ಕಾಲುಂಗುರ ಸಹಿತ ಎಲ್ಲ ಲೋಹದ ವಸ್ತುಗಳನ್ನು ತೆಗೆದಿಡಬೇಕು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು ಹಾಗೂ ಪೇಸ್‌ಮೇಕರ್ ಅಳವಡಿಸಿಕೊಂಡವರು ಮುಂಚಿತವಾಗಿ ತಿಳಿಸತಕ್ಕದ್ದು. ಮ್ಯಾಮೊಗ್ರಾಂ ದಿನ ಕಂಕುಳಿಗೆ ಪೌಡರ್ ಹಚ್ಚಬಾರದು.

ಎಂಆರ್‌ಐನಲ್ಲಿ ಕಾಣುವ ಎಲ್ಲ ಕಲೆಗಳೂ ಕ್ಯಾನ್ಸರ್ ಅಲ್ಲ. ಮರುಪರೀಕ್ಷೆ ಅಥವಾ ಬಯಾಪ್ಸಿಗೆ ಕರೆ ಬಂದ ಮಾತ್ರಕ್ಕೆ ಗಾಬರಿಗೊಳ್ಳುವ, ಅಥವಾ ಭಯದಿಂದ ಹೋಗದೆ ಉಳಿಯುವ ಅಗತ್ಯವಿಲ್ಲ.

ತಪಾಸಣೆಯು ರೋಗವನ್ನು ಬೇಗ ಪತ್ತೆಹಚ್ಚುತ್ತದೆಯೇ ಹೊರತು ತಡೆಯುವುದಿಲ್ಲ. ಅಪಾಯ ತಗ್ಗಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರೊಂದಿಗೆ ಚರ್ಚಿಸಿ ಮಹಿಳೆಯೇ ನಿರ್ಧರಿಸಬೇಕು. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆಹಚ್ಚುವ ಭರವಸೆಯ ತಪಾಸಣೆ ಇಲ್ಲದಿರುವುದರಿಂದ, ಮಕ್ಕಳಾದ ನಂತರ ಅಂಡಾಶಯಗಳನ್ನು ತೆಗೆಸಲು ಸಲಹೆ ನೀಡಲಾಗುತ್ತದೆ. ಬಿಆರ್‌ಸಿಎ 1 ದೋಷವುಳ್ಳವರಿಗೆ ಇದು ಸಾಮಾನ್ಯವಾಗಿ 35 ರಿಂದ 40 ವರ್ಷದ ನಡುವೆ.

ಎರಡು ತಪಾಸಣೆಗಳ ನಡುವೆ ಗೆಡ್ಡೆ ಕೈಗೆ ಸಿಕ್ಕಿದಲ್ಲಿ, ತೊಟ್ಟಿನಿಂದ ರಕ್ತ ಸ್ರವಿಸಿದಲ್ಲಿ ಅಥವಾ ಚರ್ಮ ಒಳಸೆಳೆದುಕೊಂಡಲ್ಲಿ, ಹಿಂದಿನ ತಿಂಗಳ ವರದಿ ಸಹಜವಾಗಿದ್ದರೂ ಮುಂದಿನ ದಿನಾಂಕದವರೆಗೆ ಕಾಯದೆ ವೈದ್ಯರನ್ನು ಕಾಣತಕ್ಕದ್ದು.