ಕರುಳಿನ ಉರಿಯೂತ: ಪಥ್ಯಕ್ಕಾಗಿ ಅನ್ನ ಬಿಡಬೇಕೇ?

ವಾರಾಹಿ ನದಿಯ ದಂಡೆಯಲ್ಲಿರುವ ಬಸ್ರೂರು ಹದಿನಾರನೇ ಶತಮಾನದಲ್ಲಿ ಅಕ್ಕಿ ರಫ್ತಿಗೆ ಹೆಸರಾಗಿದ್ದ ಬಂದರು. ಈ ಸೀಮೆಯ ಮನೆಗಳಲ್ಲಿ ಇಂದಿಗೂ ಹೊಟ್ಟೆ ಕೆಟ್ಟರೆ ಮೊದಲು ಒಲೆಯೇರುವುದು ಕುಚ್ಚಿಲಕ್ಕಿ ಗಂಜಿ. ಇಂತಹ ಊರಿನ ರೋಗಿಗೆ ಅಕ್ಕಿಯನ್ನೇ ಮುಟ್ಟಬೇಡಿ ಎಂದರೆ ಹೇಗೆ? ಕರುಳಿನ ಉರಿಯೂತಕ್ಕೆಂದು ಪ್ರಚಾರ ಪಡೆದಿರುವ ಒಂದು ಪಥ್ಯ ಹೇಳುವುದು ಅದನ್ನೇ.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೂ ಇಳಿಯಬಲ್ಲದು. ದೀರ್ಘಕಾಲದ ಭೇದಿ, ಮಲದಲ್ಲಿ ರಕ್ತ, ಹೊಟ್ಟೆನೋವು, ತೂಕ ಇಳಿಕೆ ಇದರ ಲಕ್ಷಣಗಳು. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ: ಕರುಳಿನ ಕ್ಷಯ ಮತ್ತು ಕ್ರೋನ್ಸ್ ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಆದುದರಿಂದ ಕೊಲೊನೋಸ್ಕೋಪಿ, ಬಯಾಪ್ಸಿಗಳಿಂದ ರೋಗ ಖಚಿತವಾಗುವ ಮೊದಲೇ ಪಥ್ಯಕ್ಕೆ ಕೂರುವುದು ಅಪಾಯಕರ.

ಅಕ್ಕಿ ನಿಷೇಧಿಸುವ ಈ ಪಥ್ಯದ ಹೆಸರು 'ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್'. ಅಮೆರಿಕದ ಮಕ್ಕಳ ವೈದ್ಯ ಸಿಡ್ನಿ ಹಾಸ್ ಇದನ್ನು ಮೊದಲು ಸೀಲಿಯಾಕ್ ರೋಗಕ್ಕೆ ಬಳಸಿದ್ದರು. ಅವರಿಂದ ತಮ್ಮ ಮಗಳಿಗೆ ಚಿಕಿತ್ಸೆ ಪಡೆದಿದ್ದ ಎಲೇನ್ ಗಾಟ್‌ಶಾಲ್ ಮುಂದೆ ಪುಸ್ತಕ ಬರೆದು ಇದನ್ನು ಜನಪ್ರಿಯಗೊಳಿಸಿದರು. ಜೀರ್ಣವಾಗದೆ ಉಳಿದ ಪಿಷ್ಟ, ಸಕ್ಕರೆಗಳು ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಉರಿಯೂತ ಹೆಚ್ಚಿಸುತ್ತವೆ ಎಂಬುದು ಇದರ ವಾದ. ಅಕ್ಕಿ, ಗೋಧಿ, ಆಲೂಗಡ್ಡೆ, ಸಕ್ಕರೆ, ಹಾಲು ನಿಷಿದ್ಧ. ಜೇನುತುಪ್ಪ, ಮಾಗಿದ ಬಾಳೆಹಣ್ಣು, ಮೊಟ್ಟೆ, ಮೀನು ಹಾಗೂ 24 ಗಂಟೆ ಹೆಪ್ಪುಗಟ್ಟಿಸಿದ ಮನೆಯ ಮೊಸರಿಗೆ ಅನುಮತಿಯಿದೆ. ಅಂದರೆ ಗಂಜಿಯ ಜೊತೆಗೆ ಇಡ್ಲಿ, ನೀರುದೋಸೆ, ಅವಲಕ್ಕಿಗಳಿಗೂ ವಿದಾಯ!

ಇಷ್ಟು ಕಷ್ಟಪಟ್ಟರೆ ಹೆಚ್ಚಿನ ಫಲ ಉಂಟೇ? ಕ್ರೋನ್ಸ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪಥ್ಯವನ್ನು ಮೆಡಿಟರೇನಿಯನ್ ಆಹಾರಕ್ರಮದೊಡನೆ ಹೋಲಿಸಿತು. ಆರು ವಾರಗಳ ನಂತರ ರೋಗಲಕ್ಷಣ ಶಮನವಾದವರು ಮೊದಲನೆಯದರಲ್ಲಿ ಶೇ. 46.5, ಎರಡನೆಯದರಲ್ಲಿ ಶೇ. 43.5. ಈ ಅಂತರ ಗಣನೀಯವಲ್ಲ. ಉರಿಯೂತ ಸೂಚಿಸುವ ರಕ್ತಪರೀಕ್ಷೆಯಲ್ಲಂತೂ ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡವರು ವಿರಳ. ಹೊಟ್ಟೆ ಹಗುರವೆನಿಸಿದ ಮಾತ್ರಕ್ಕೆ ಒಳಗಿನ ಹುಣ್ಣು ಮಾಯ್ದಿದೆ ಎನ್ನುವಂತಿಲ್ಲ.

ಅಮೆರಿಕದ ಜೀರ್ಣಾಂಗ ತಜ್ಞರ ಸಂಘವು 2024ರಲ್ಲಿ ಸಲಹೆ ಮಾಡಿದ್ದು ಕೂಡ ಮೆಡಿಟರೇನಿಯನ್ ಮಾದರಿಯನ್ನೇ: ತರಕಾರಿ, ಹಣ್ಣು, ಮೀನು, ಧಾನ್ಯ ಹೆಚ್ಚು, ಸಕ್ಕರೆ, ಉಪ್ಪು, ಕಾರ್ಖಾನೆಯಲ್ಲಿ ಸಂಸ್ಕರಿಸಿದ ತಿನಿಸು ಕಡಿಮೆ. ಕರಾವಳಿಯ ಅಡುಗೆಮನೆಗೆ ಇದು ಅಪರಿಚಿತವೇನಲ್ಲ. ಗಂಜಿ, ಖಾರ ಕಡಿಮೆ ಮಾಡಿದ ಬಂಗುಡೆ ಅಥವಾ ಬೂತಾಯಿ ಸಾರು, ಸೌತೆ, ಹೀರೆಕಾಯಿ ಪಲ್ಯ ಹೊಂದಿಕೊಳ್ಳುತ್ತವೆ. ಸಸ್ಯಾಹಾರಿಗಳಿಗೆ ತೊವ್ವೆಯುಂಟು. ಆದರೆ ಆಲಿವ್ ಎಣ್ಣೆಗೆ ತೆಂಗಿನೆಣ್ಣೆ ಸಮವಲ್ಲ; ಅದರಲ್ಲಿರುವುದು ಬಹುಪಾಲು ಸಂತೃಪ್ತ ಕೊಬ್ಬು. ಬೇಕರಿ ತಿಂಡಿ, ಚಿಪ್ಸ್, ತಂಪು ಪಾನೀಯಗಳನ್ನು ಬಿಡುವುದು ಅನ್ನ ಬಿಡುವುದಕ್ಕಿಂತ ಲೇಸು ಎಂದು ತೋರುತ್ತದೆ.

ಕರುಳು ಕಿರಿದಾಗಿರುವ ರೋಗಿಗಳು ನಾರಿನ ವಿಷಯದಲ್ಲಿ ಎಚ್ಚರ ವಹಿಸಬೇಕು. ಬಾಳೆದಿಂಡು, ಕಣಿಲೆ, ನುಗ್ಗೆ, ಹಲಸು ಸಿಕ್ಕಿಕೊಂಡು ತಡೆ ಉಂಟುಮಾಡಬಹುದು. ಇಂಥವರು ತರಕಾರಿಯ ಸಿಪ್ಪೆ, ಬೀಜ ತೆಗೆದು ಮೆತ್ತಗೆ ಬೇಯಿಸಿ, ಚೆನ್ನಾಗಿ ಅಗಿದು ತಿನ್ನುವುದು ಉಚಿತ. ಹಾಲು ಎಲ್ಲರಿಗೂ ನಿಷಿದ್ಧವಲ್ಲ. ಕುಡಿದಾಗ ತೊಂದರೆಯಾದರೆ ಮಾತ್ರ ಬಿಟ್ಟರೆ ಸಾಕು.

ಪಥ್ಯ ಔಷಧಕ್ಕೆ ಬದಲಿಯಲ್ಲ. ಆಹಾರವೇ ಪ್ರಮುಖ ಚಿಕಿತ್ಸೆಯಾಗುವ ಸಂದರ್ಭ ಮಕ್ಕಳ ಕ್ರೋನ್ಸ್‌ನಲ್ಲಿದೆ. ಅಲ್ಲಿ ವೈದ್ಯರ ಉಸ್ತುವಾರಿಯಲ್ಲಿ ಆರರಿಂದ ಎಂಟು ವಾರ ದ್ರವ ಪೌಷ್ಟಿಕ ಆಹಾರವನ್ನಷ್ಟೇ ಕೊಡಲಾಗುತ್ತದೆ. ಸ್ಟೀರಾಯ್ಡ್ ತಪ್ಪಿಸುವುದು ಅದರ ಒಂದು ಲಾಭ. ಉಳಿದವರು ಆರಾಮವಾಯಿತೆಂದು ಮೆಸಲಮೈನ್ ಅಥವಾ ಅಜಥಯೋಪ್ರಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಕಟ್ಟುನಿಟ್ಟಿನ ಪಥ್ಯದಲ್ಲಿರುವವರು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಬೇಕು. ಕಬ್ಬಿಣ ಮತ್ತು ಡಿ ವಿಟಮಿನ್‌ನ ಪ್ರಮಾಣವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು; ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟವರಿಗೆ ಅಥವಾ ಶಸ್ತ್ರಕ್ರಿಯೆಯಲ್ಲಿ ಅದನ್ನು ತೆಗೆಸಿಕೊಂಡವರಿಗೆ ಬಿ-12ರ ಪರೀಕ್ಷೆಯೂ ಅಗತ್ಯ.