ಚುಕ್ಕೆ ಗೆರೆಯಾಗಿ ಕಂಡಾಗ: ಕಾಂಟ್ಯಾಕ್ಟ್ ಲೆನ್ಸಿನ ಹಿಂದಿನ ಕತೆ

ಕಣ್ಣಿನ ವೈದ್ಯರು ಬರೆದುಕೊಟ್ಟ ಚೀಟಿ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ‘ಸ್ಫಿಯರ್’ ಎಂಬ ಅಂಕಣದ ಪಕ್ಕದಲ್ಲಿ ‘ಸಿಲಿಂಡರ್’, ‘ಆಕ್ಸಿಸ್’ ಎಂಬ ಇನ್ನೆರಡು ಅಂಕಣಗಳಿರುತ್ತವೆ. ಅವುಗಳಲ್ಲಿ ಅಂಕಿಗಳಿದ್ದರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ ಎಂದರ್ಥ. ಗಾಬರಿಪಡಬೇಕಾದ ರೋಗವೇನೂ ಅಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಚೆಂಡಿನ ಮೈಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರದೆ, ಮೊಟ್ಟೆಯ ಪಕ್ಕದಂತೆ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಾಗಿರುತ್ತದೆ. ಕೆಲವರಲ್ಲಿ ಈ ಅಸಮತೆ ಕಾರ್ನಿಯಾದಲ್ಲಿರದೆ ಒಳಗಿನ ಮಸೂರದಲ್ಲಿರುತ್ತದೆ. ದೋಷ ಹೊರಗಿದೆಯೋ ಒಳಗಿದೆಯೋ? ನಿಮಗೆ ಯಾವ ಕಾಂಟ್ಯಾಕ್ಟ್ ಲೆನ್ಸ್ ಹೊಂದುತ್ತದೆ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಮೇಲೆ ನಿಂತಿದೆ. ಪ್ರಶ್ನೆಗೆ ಇನ್ನೂರು ವರ್ಷ ದಾಟಿದೆ.

ಅದನ್ನು ಕೇಳಿದವರು ಲಂಡನ್ನಿನ ಯುವ ವೈದ್ಯ ಥಾಮಸ್ ಯಂಗ್. ಬೆಳಕು ಅಲೆಯಂತೆ ಚಲಿಸುತ್ತದೆ ಎಂದು ಮುಂದೆ ತೋರಿಸಿಕೊಟ್ಟವರೂ ಇವರೇ. 1801ರಲ್ಲಿ ಅಚ್ಚಾದ ತಮ್ಮ ಪ್ರಬಂಧದಲ್ಲಿ ಅವರು ಸ್ವಂತ ಕಣ್ಣಿನ ಲೆಕ್ಕವನ್ನೇ ಕೊಟ್ಟರು. ಒಂದು ದಿಕ್ಕಿನ ಕಿರಣಗಳಿಗೆ ಅವರ ಕಣ್ಣು 10 ಅಂಗುಲ ದೂರಕ್ಕೆ ಹೊಂದಿಕೊಂಡಿದ್ದರೆ, ಅದಕ್ಕೆ ಅಡ್ಡಲಾದ ದಿಕ್ಕಿನವಕ್ಕೆ 7 ಅಂಗುಲಕ್ಕೆ ಹೊಂದಿಕೊಂಡಿತ್ತು. ಇದಕ್ಕೆ ಕಾರ್ನಿಯಾ ಕಾರಣವೇ ಎಂದು ತಿಳಿಯಲು ಅವರು ಮಾಡಿದ ಪ್ರಯೋಗ ಬಹಳ ಸರಳ. ಒಂದು ಪುಟ್ಟ ಮಸೂರವನ್ನು ಆಳವಿಲ್ಲದ ಕೊಳವೆಗೆ ಮೇಣದಿಂದ ಅಂಟಿಸಿ, ಅದರೊಳಗೆ ನೀರು ತುಂಬಿ, ನೇರವಾಗಿ ಕಣ್ಣಿಗೆ ಒತ್ತಿ ಹಿಡಿದರು. ಕಾರ್ನಿಯಾ ನೀರನ್ನು ಮುಟ್ಟಿದೊಡನೆ ಬೆಳಕನ್ನು ಬಾಗಿಸುವ ಅದರ ಶಕ್ತಿ ಬಹುತೇಕ ಕಳೆದುಹೋಗುತ್ತದೆ. ಆದರೂ ದೋಷ ಹಾಗೆಯೇ ಉಳಿಯಿತು. ಅಂದರೆ ಅದು ಒಳಗಿನ ಮಸೂರದಲ್ಲಿತ್ತು! ನೀರು ಕಾರ್ನಿಯಾದ ಓರೆಕೋರೆಯನ್ನು ಮರೆಸುತ್ತದೆ, ಒಳಗಿನದನ್ನು ಮರೆಸಲಾರದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಂಗ್ ಅವರಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ಕೇಂಬ್ರಿಡ್ಜಿನ ಜಾರ್ಜ್ ಏರಿಗೆ ಇತ್ತು. ಓದುವಾಗ ತಮ್ಮ ಎಡಗಣ್ಣು ಕೆಲಸವನ್ನೇ ಮಾಡುತ್ತಿಲ್ಲ ಎಂದು ಅವರು ಗಮನಿಸಿದರು. ಆ ಕಣ್ಣಿಗೆ ಬೆಳಕಿನ ಚುಕ್ಕೆ ಗೆರೆಯಾಗಿ ಕಾಣುತ್ತಿತ್ತು. ರಟ್ಟಿನಲ್ಲಿ ಸೂಜಿರಂಧ್ರ ಮಾಡಿ, ಅದನ್ನು ಹತ್ತಿರ ದೂರ ಸರಿಸುತ್ತ ದೋಷವನ್ನು ಅಳೆದರು. ಒಂದು ಮುಖ ಗೋಳಾಕಾರ, ಇನ್ನೊಂದು ಮುಖ ಸಿಲಿಂಡರಿನ ಆಕಾರ ಇರುವ ಗಾಜನ್ನು ಇಪ್ಸ್‌ವಿಚ್ ಊರಿನ ಕುಶಲಕರ್ಮಿಯೊಬ್ಬರಿಂದ ಮಾಡಿಸಿ, 1825ರಲ್ಲಿ ಅದರ ವರದಿ ಮಂಡಿಸಿದರು. ನಿಮ್ಮ ಚೀಟಿಯ ‘ಸಿಲಿಂಡರ್’ ಅಲ್ಲಿಂದ ಬಂದದ್ದು. ‘ಚುಕ್ಕೆ ಇಲ್ಲದ್ದು’ ಎಂಬ ಅರ್ಥದ ಗ್ರೀಕ್ ಪದಗಳಿಂದ ಅಸ್ಟಿಗ್ಮ್ಯಾಟಿಸಂ ಎಂಬ ಹೆಸರು ಕಟ್ಟಿದವರು ಅದೇ ಕೇಂಬ್ರಿಡ್ಜಿನ ವಿಲಿಯಂ ಹ್ಯೂವೆಲ್.

ಕನ್ನಡಕ ಸಿಕ್ಕಿತು, ನಿಜ. ಆದರೆ ಕಾರ್ನಿಯಾ ಶಂಕುವಿನಂತೆ ಮೊನಚಾಗಿರುವವರಿಗೆ, ಏರುಪೇರಾಗಿರುವವರಿಗೆ ಯಾವ ಕನ್ನಡಕವೂ ಸಾಲದು. ಅಂಥವರಿಗಾಗಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1820ರ ದಶಕದಲ್ಲೇ ಒಂದು ಉಪಾಯ ಸೂಚಿಸಿದ್ದರು: ಗಾಜಿನ ಪುಟ್ಟ ಬಟ್ಟಲಿನಲ್ಲಿ ಪಾರದರ್ಶಕ ಲೋಳೆ ತುಂಬಿ ಕಣ್ಣಿನ ಮೇಲೆ ಇಡುವುದು. ಅದು ಕಾಗದದಿಂದ ಕಣ್ಣಿಗೆ ಬರಲು ಅರುವತ್ತು ವರ್ಷ ಬೇಕಾಯಿತು. 1888ರಲ್ಲಿ ಜ್ಯೂರಿಕ್‌ನ ಅಡಾಲ್ಫ್ ಫಿಕ್ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಗಾಜಿನ ಚಿಪ್ಪುಗಳನ್ನು ಮೊದಲು ಮೊಲಗಳಿಗೆ, ಆಮೇಲೆ ತಮಗೆ, ಕೊನೆಗೆ ರೋಗಿಗಳಿಗೆ ತೊಡಿಸಿದರು. ಒಳಗೆ ತುಂಬಿದ್ದು ದ್ರಾಕ್ಷಿ ಸಕ್ಕರೆಯ ದ್ರಾವಣ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಯೂಜೀನ್ ಕಾಲ್ಟ್ ಮೊನಚು ಕಾರ್ನಿಯಾಕ್ಕೆ ಇಂಥದೇ ಚಿಪ್ಪು ಹಾಕಿದರು. ಭಾರದ ಗಾಜನ್ನು ಕೆಲವು ಗಂಟೆಗಿಂತ ಹೆಚ್ಚು ಹೊತ್ತು ಸಹಿಸುವುದು ಕಷ್ಟವಾಗಿತ್ತು.

ಮುಂದಿನ ದೊಡ್ಡ ಹೆಜ್ಜೆ 1948ರದು. ಕ್ಯಾಲಿಫೋರ್ನಿಯಾದ ಕೆವಿನ್ ಟುವೋಹಿ ಕಾರ್ನಿಯಾದಷ್ಟೇ ಜಾಗಕ್ಕೆ ಸಾಲುವ ಸಣ್ಣ ಪ್ಲಾಸ್ಟಿಕ್ ಲೆನ್ಸ್ ತಂದರು. ಇಲ್ಲಿ ಯಂಗ್ ಅವರ ನೀರು ಮತ್ತೆ ಕಾಣಿಸಿಕೊಳ್ಳುತ್ತದೆ. ಗಟ್ಟಿ ಲೆನ್ಸ್ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ಅದಕ್ಕೂ ಕಾರ್ನಿಯಾಕ್ಕೂ ನಡುವಿನ ಸಂದಿಯಲ್ಲಿ ಕಣ್ಣೀರು ತುಂಬಿಕೊಂಡು ಓರೆಕೋರೆಯನ್ನು ಬಹುಪಾಲು ಮುಚ್ಚಿಬಿಡುತ್ತದೆ. ಸಿಲಿಂಡರೂ ಇಲ್ಲ, ಆಕ್ಸಿಸೂ ಇಲ್ಲ. ಸಾಮಾನ್ಯ ದುಂಡು ಲೆನ್ಸಿನಿಂದಲೇ ಕೆಲಸ ಆಗುತ್ತದೆ.

1961ರ ಕ್ರಿಸ್‌ಮಸ್ ಸಮಯದಲ್ಲಿ ಪ್ರಾಗ್‌ನ ರಸಾಯನ ವಿಜ್ಞಾನಿ ಓಟ್ಟೊ ವಿಕ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಕಟ್ಟಿ, ಮನೆಯಲ್ಲೇ ಮೃದು ಲೆನ್ಸ್ ತಯಾರಿಸಿದರು. ಕಣ್ಣಿಗೆ ಹಿತವಾದ ಈ ಲೆನ್ಸ್ ಅಸ್ಟಿಗ್ಮ್ಯಾಟಿಸಂ ಇದ್ದವರಿಗೆ ಮಾತ್ರ ಹಳೆಯ ಸಮಸ್ಯೆಯನ್ನು ಮರಳಿ ತಂದಿತು. ಒದ್ದೆ ಬಟ್ಟೆಯಂತೆ ಕಾರ್ನಿಯಾಕ್ಕೆ ಅಂಟಿ ಕೂರುವ ಮೃದು ಲೆನ್ಸ್ ಅದರ ಓರೆಯನ್ನೂ ತಾನೇ ಪಡೆದುಕೊಳ್ಳುತ್ತದೆ. ಹೀಗಾಗಿ ಸಿಲಿಂಡರ್ ಪವರನ್ನು ಲೆನ್ಸಿನಲ್ಲೇ ಕೂರಿಸಬೇಕಾಯಿತು. ಇದೇ ‘ಟೋರಿಕ್’ ಲೆನ್ಸ್. ಮೃದು ಟೋರಿಕ್ ಬಳಕೆಗೆ ಬಂದದ್ದು 1970ರ ದಶಕದ ಕೊನೆಯ ವೇಳೆಗೆ. ಕನ್ನಡಕ ಮೂಗಿನ ಮೇಲೆ ಅಲುಗದೆ ಕೂರುತ್ತದೆ, ಲೆನ್ಸ್ ರೆಪ್ಪೆ ಮಿಟುಕಿಸಿದಾಗಲೆಲ್ಲ ತಿರುಗಲು ನೋಡುತ್ತದೆ. 10 ಡಿಗ್ರಿ ತಿರುಗಿದರೆ ದೋಷದ ಮೂರನೆಯ ಒಂದು ಭಾಗ ಹಾಗೆಯೇ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಮೊದಲಿದ್ದಷ್ಟೇ ದೋಷ ಬೇರೊಂದು ದಿಕ್ಕಿನಲ್ಲಿ ಮರಳುತ್ತದೆ, ಲೆನ್ಸ್ ಹಾಕಿಯೂ ಲಾಭವಿಲ್ಲ! ಅದಕ್ಕಾಗಿಯೇ ಕೆಳಅಂಚನ್ನು ದಪ್ಪ ಮಾಡುವುದು, ಇಲ್ಲವೇ ರೆಪ್ಪೆಯೇ ಲೆನ್ಸನ್ನು ಜಾಗಕ್ಕೆ ತಳ್ಳುವಂತೆ ಮೇಲೆ ಕೆಳಗೆ ತೆಳು ಮಾಡುವುದು ರೂಢಿಗೆ ಬಂತು.

ಈಗ ನಿಮ್ಮ ಚೀಟಿಗೆ ಮರಳೋಣ. ಸಿಲಿಂಡರ್ 0.75ಕ್ಕಿಂತ ಕಡಿಮೆ ಇದ್ದರೆ ಅನೇಕರಿಗೆ ಸಾಮಾನ್ಯ ಮೃದು ಲೆನ್ಸೇ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕೇಳಿ: ಕಾರ್ನಿಯಾವನ್ನು ಅಳೆದಾಗ ಬಂದ ಅಂಕಿ ಚೀಟಿಯ ಸಿಲಿಂಡರಿಗೆ ಹೊಂದುತ್ತದೆಯೇ? ಹೊಂದಿದರೆ ಗಾಳಿಯಾಡುವ ಗಟ್ಟಿ ಲೆನ್ಸ್ ಒಳ್ಳೆಯ ಆಯ್ಕೆ. ಮೊದಲ ಕೆಲವು ವಾರ ಕಿರಿಕಿರಿ ಇರುತ್ತದೆ, ನೋಟ ಮಾತ್ರ ಸ್ಪಷ್ಟ. ಯಂಗ್ ಅವರಂತೆ ದೋಷ ಒಳಗಿನ ಮಸೂರದಲ್ಲಿದ್ದರೆ ಸಾಮಾನ್ಯ ಗಟ್ಟಿ ಲೆನ್ಸಿಗೆ ಹಣ ಹಾಕಿ ಫಲವಿಲ್ಲ, ಮೃದು ಟೋರಿಕ್ಕೇ ಬೇಕು. ಕಾರ್ನಿಯಾ ಮೊನಚಾಗುತ್ತಿರುವವರಿಗೆ ಗಟ್ಟಿ ಲೆನ್ಸ್, ಅಥವಾ ಫಿಕ್ ಅವರ ಚಿಪ್ಪಿನ ಇಂದಿನ ರೂಪವಾದ ಸ್ಕ್ಲೀರಲ್ ಲೆನ್ಸ್, ಅಂದದ ಮಾತಲ್ಲ. ಪುಸ್ತಕ ಓದಲಾಗುವುದೋ ಇಲ್ಲವೋ ಎಂಬ ಮಾತು. ಹದಿವಯಸ್ಸಿನವರ ಸಿಲಿಂಡರ್ ಪ್ರತಿ ಸಲವೂ ಏರುತ್ತಿದ್ದರೆ ಕಾರ್ನಿಯಾದ ಪರೀಕ್ಷೆ ಮಾಡಿಸಲೇಬೇಕು.

ಯಂಗ್ ಕಣ್ಣಿಗೆ ನೀರು ಹಿಡಿದರೆಂದು ನೀವು ಲೆನ್ಸಿಗೆ ನಲ್ಲಿನೀರು ಮುಟ್ಟಿಸಬೇಡಿ. ಅದರಲ್ಲಿರಬಹುದಾದ ಅಕಾಂತಅಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾವನ್ನೇ ಕೆಡಿಸಬಲ್ಲುದು.

ಟೋರಿಕ್ ಲೆನ್ಸಿನ ಮೇಲೆ ಒಂದು ಸಣ್ಣ ಗುರುತು ಇರುತ್ತದೆ. ಲೆನ್ಸ್ ಹಾಕಿ ಸ್ವಲ್ಪ ಹೊತ್ತು ಕೂರಿಸಿ, ಆ ಗುರುತು ಎಲ್ಲಿ ನಿಂತಿದೆ ಎಂದು ವೈದ್ಯರು ನೋಡುತ್ತಾರೆ. ಅವಸರ ಮಾಡಬೇಡಿ. ರೆಪ್ಪೆ ಮಿಟುಕಿಸಿದಾಗಲೆಲ್ಲ ಎದುರಿನ ಅಕ್ಷರ ಮಸುಕಾಗಿ ಮತ್ತೆ ತಿಳಿಯಾಗುತ್ತಿದ್ದರೆ ಲೆನ್ಸ್ ತಿರುಗುತ್ತಿರಬಹುದು. ಹಣ ಕೊಡುವ ಮೊದಲೇ, ಆ ಕುರ್ಚಿಯಲ್ಲಿ ಕುಳಿತಿರುವಾಗಲೇ ಹೇಳಿಬಿಡಿ.