ಈಸ್ಟ್ ಅವರ ಬಾವಿ, ನಮ್ಮ ಬೋರ್‌ವೆಲ್



ಹೋದ ತಿಂಗಳ ನಮ್ಮ ಬಳಗದ ಕೂಟದಲ್ಲಿ ಕವನ ವಾಚನ ಮುಗಿದು ಬಿಸಿಬೇಳೆಬಾತಿನ ಸರದಿ ಬರುವ ಹೊತ್ತಿಗೆ ಮಾತು ಸಾಹಿತ್ಯದಿಂದ ಜಾರಿ ನೇರವಾಗಿ ಬಾವಿಗೆ ಬಿತ್ತು. ಆಸ್ಟಿನ್ನಿನ ಪಶ್ಚಿಮಕ್ಕಿರುವ ಗುಡ್ಡದ ಸೀಮೆಯಲ್ಲಿ, ನಗರದ ನಲ್ಲಿ ತಲುಪದ ಕಡೆ ಮನೆ ಕಟ್ಟಲು ಹೊರಟ ಗೆಳೆಯರೊಬ್ಬರು ಬೋರ್‌ವೆಲ್ ಕೊರೆಯುವವರು ಕೊಟ್ಟ ಅಂದಾಜು ಪಟ್ಟಿಯನ್ನು ಜೇಬಿನಿಂದ ತೆಗೆದು ಓದಿದರು. ಆರುನೂರು ಅಡಿ ಕೊರೆತ, ಕೇಸಿಂಗ್ ಪೈಪು, ಪಂಪು, ಟ್ಯಾಂಕು ಎಲ್ಲ ಸೇರಿ ಮೂವತ್ತೈದು ಸಾವಿರ ಡಾಲರು! "ನೆಲದಲ್ಲಿ ಒಂದು ತೂತಿಗೆ ಇಷ್ಟು ದುಡ್ಡೇನ್ರೀ!" ಎಂದು ನಾವೆಲ್ಲ ನಕ್ಕೆವು. ಆಗ ಕೋಲಾರದ ಕಡೆಯ ಗೆಳತಿಯೊಬ್ಬರು ತಣ್ಣಗೆ ಹೇಳಿದರು: "ನಿಮಗೆ ನೀರಾದ್ರೂ ಸಿಗತ್ತೆ. ನಮ್ಮಣ್ಣ ಮನೆ ಹಿಂದೆ ಸಾವಿರದ ಇನ್ನೂರು ಅಡಿ ಕೊರೆಸಿದ. ಬಂದದ್ದು ಬರೀ ಕಲ್ಲುಪುಡಿ. ಸಾಲ ಇನ್ನೂ ತೀರಿಲ್ಲ."

ನಗು ನಿಂತಿತು. ಮನೆಗೆ ಮರಳುವಾಗ ನಮ್ಮನ್ನು ಕಾಡಿದ ಪ್ರಶ್ನೆ ಇದು: ಬಾವಿಯ ಬೆಲೆ ಎಂದರೆ ಯಾವುದು? ಅದನ್ನು ಕೊಡುವವರು ಯಾರು? ಹುಡುಕುತ್ತ ಹೋದಾಗ ಸಿಕ್ಕಿದ ಕಥೆ ನಮ್ಮ ಹುಟ್ಟೂರನ್ನೂ ಈ ಟೆಕ್ಸಾಸನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ.

ನಮ್ಮ ನಾಡಿನ ಶಾಸನಗಳಲ್ಲಿ ಕೆರೆ, ಬಾವಿ, ಅರವಟ್ಟಿಗೆಗಳು ಬರುವುದು ಪುಣ್ಯದ ಲೆಕ್ಕದಲ್ಲಿ. ಅತ್ತಿಮಬ್ಬೆಯ ಲಕ್ಕುಂಡಿಗೆ ಹೋದವರಿಗೆ ಊರಿನವರು ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿನ ಮುಸುಕಿನ ಬಾವಿಯನ್ನು ನೋಡಿದರೆ ಗುಡಿಗೆ ತೋರಿದ ಶ್ರದ್ಧೆಯನ್ನೇ ನೀರಿಗೂ ತೋರಿದ್ದಾರೆ ಎಂದು ತಿಳಿಯುತ್ತದೆ. ಬಾವಿ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯಿತು. ಹಾರೆ ಗುದ್ದಲಿ ಹಿಡಿದು ಅಗೆದ ಮಣ್ಣು ಒಡ್ಡರ ಹೆಸರು ಉಳಿಯಲಿಲ್ಲ. ದಿನವೂ ತೋಳಿನ ಶಕ್ತಿಯಿಂದ ಆ ಬಾವಿಯ ಬೆಲೆ ತೆತ್ತವರು ನಮ್ಮ ಅಜ್ಜಿಯರು, ಅವರ ಅಜ್ಜಿಯರು.

ಹಾಗೆಂದು ಹಳೆಯ ಬಾವಿಯನ್ನು ನೆನೆದು ಬರೀ ಹಂಬಲಿಸುವುದೂ ಸರಿಯಲ್ಲ. ಪುಣ್ಯದ ಬಾವಿ ಎಲ್ಲರ ಬಾವಿಯಾಗಿರಲಿಲ್ಲ. ಎಷ್ಟೋ ಊರುಗಳಲ್ಲಿ ಕೇರಿಯ ಹೆಂಗಸರು ದೂರ ನಿಂತು, ಯಾರಾದರೂ ಮೇಲಿಂದ ಕೊಡಕ್ಕೆ ಸುರಿದಾರೆಯೇ ಎಂದು ಕಾಯಬೇಕಿತ್ತು. ಆದರೆ ಆ ಬಾವಿಗೆ ಒಂದು ಮಿತಿಯಿತ್ತು. ಎಷ್ಟು ಸೇದಿದರೂ ಅದು ಮನುಷ್ಯರ ತೋಳು, ಇಲ್ಲವೇ ಕಪಿಲೆ ಎಳೆಯುವ ಎತ್ತುಗಳ ಹೆಗಲು. ಹತ್ತು ಮನೆಯಾಚೆಯ ಬಾವಿಯನ್ನು ಬತ್ತಿಸುವ ಶಕ್ತಿ ಹಗ್ಗಕ್ಕೆ ಇರಲಿಲ್ಲ.

ಆ ಶಕ್ತಿ ಯಂತ್ರದಿಂದ ಬಂತು. ಬಿಹಾರದ ಭೀಕರ ಬರದ ಕಾಲಕ್ಕೆ, 1967ರಲ್ಲಿ, ಯುನಿಸೆಫ್ ಸಂಸ್ಥೆ ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದಿಂದ ಕೊರೆಯುವ ರಿಗ್‌ಗಳನ್ನು ಭಾರತಕ್ಕೆ ತಂದಿತು. ತಿಂಗಳುಗಟ್ಟಲೆ ಅಗೆಯಬೇಕಾದ ಕಡೆ ಒಂದೆರಡು ದಿನದ ಕೆಲಸ! 1970ರ ದಶಕದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ಬಂತು. ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಜೋತುಬಿದ್ದು ಒತ್ತಿದ "ಬೋರಿಂಗು" ಅದೇ. ಎಷ್ಟೋ ಜೀವಗಳನ್ನು ಅದು ಉಳಿಸಿತು, ಅದನ್ನು ಮರೆಯುವಂತಿಲ್ಲ. ಮುಂದೆ ತಮಿಳುನಾಡಿನ ತಿರುಚೆಂಗೋಡು ರಿಗ್ ಲಾರಿಗಳ ತವರೂರಾಯಿತು. ಅಲ್ಲಿಂದ ಹೊರಟ ಲಾರಿಗಳು ದೇಶದ ಮೂಲೆಮೂಲೆಗೂ ಹೋದವು. ಸಬ್‌ಮರ್ಸಿಬಲ್ ಪಂಪು ಬಂದ ಮೇಲೆ ಕೈಯ ಮಿತಿಯೂ ಹೋಯಿತು.

ಬೋರ್‌ವೆಲ್ ಕೊರೆಸುವ ದಿನದ ಸಂಭ್ರಮ ನಿಮಗೂ ಗೊತ್ತಿರಬೇಕು. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಲೆಲ್ಲ ಸುತ್ತುತ್ತಾರೆ. ಗಂಗೆ ಪೂಜೆಯಾಗುತ್ತದೆ. ರಾತ್ರಿಯೆಲ್ಲ ಕಂಪ್ರೆಸರಿನ ಅಬ್ಬರ, ಬೀದಿಗೆಲ್ಲ ಬಿಳಿ ದೂಳು. ಮನೆಯವರು ಮಾತ್ರ ಒಂದೊಂದು ಪೈಪು ಇಳಿದಾಗಲೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಯಾಕೆಂದರೆ ದರ ಅಡಿಯ ಮೇಲೆ. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಮೊದಲ 300 ಅಡಿಗೆ ಅಡಿಗೆ 80 ರೂಪಾಯಿ, ಆಮೇಲೆ ಪ್ರತಿ ನೂರು ಅಡಿಗೆ 10 ರೂಪಾಯಿ ಹೆಚ್ಚು. 300 ಅಡಿಯ ಬಾವಿಗೆ 24,000 ರೂಪಾಯಿ. 1,000 ಅಡಿಯ ಬಾವಿಗೆ 1,08,000. ಆಳ ಮೂರೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು, ಖರ್ಚು ನಾಲ್ಕೂವರೆ ಪಟ್ಟು! ಕೇಸಿಂಗು, ಪಂಪು, ಕೇಬಲ್ಲು, ಕರೆಂಟು ಬೇರೆ. ಎಲ್ಲಕ್ಕಿಂತ ಕಠೋರವಾದದ್ದೆಂದರೆ, ನೀರು ಬಂದರೂ ಬರದಿದ್ದರೂ ಕೊರೆದ ಅಡಿಗೆ ದುಡ್ಡು ಕೊಡಲೇಬೇಕು.

ಹಾಗಾದರೆ ಆಳಕ್ಕೆ ಹೋಗುವುದೇಕೆ? ಕೋಲಾರದ ಕಡೆಯ ನೆಲದಲ್ಲಿ ಮೇಲೆ ಮಣ್ಣು, ಶಿಥಿಲವಾದ ಕಲ್ಲು. ಮಳೆನೀರು ಹೆಚ್ಚಾಗಿ ನಿಲ್ಲುವುದು ಅಲ್ಲೇ. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಒಬ್ಬರು 300 ಅಡಿ ಕೊರೆಸಿ ದಿನವಿಡೀ ಪಂಪು ಓಡಿಸಿದರೆ ಪಕ್ಕದವರ ಸೇದುವ ಬಾವಿ ಬತ್ತುತ್ತದೆ. ಪಕ್ಕದವರು 500 ಅಡಿಗೆ ಹೋಗುತ್ತಾರೆ, ಮೊದಲಿನವರದು ನಿಲ್ಲುತ್ತದೆ, ಅವರು 800ಕ್ಕೆ ಇಳಿಯುತ್ತಾರೆ. ಅಂದರೆ ನಮ್ಮ ಗೆಳತಿಯ ಅಣ್ಣ ತೆತ್ತದ್ದು ತಮ್ಮ ಬಾವಿಯ ಬೆಲೆಯನ್ನಷ್ಟೇ ಅಲ್ಲ, ತಮಗಿಂತ ಮೊದಲು ಕೊರೆಸಿದ ಎಲ್ಲರ ಬಾವಿಗಳ ಬಾಕಿಯನ್ನು. ಕೊರೆಯುವವರ ಬಿಲ್ಲಿನಲ್ಲಿ ಈ ಬಾಬ್ತಿಗೆ ಸಾಲೇ ಇಲ್ಲ.

ಯಾಕಿಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು, ಆಶ್ಚರ್ಯವೆಂದರೆ, ನಾವಿರುವ ಈ ರಾಜ್ಯದಲ್ಲೇ. ಡಲ್ಲಾಸಿನ ಉತ್ತರಕ್ಕೆ ಡೆನಿಸನ್ ಎಂಬ ರೈಲ್ವೆ ಊರಿದೆ; ಅಧ್ಯಕ್ಷ ಐಸೆನ್‌ಹೋವರ್ ಹುಟ್ಟಿದ ಊರು. ಅಲ್ಲಿ ಡಬ್ಲ್ಯು. ಎ. ಈಸ್ಟ್ ಎಂಬವರ ಜಾಗದಲ್ಲಿ 5 ಅಡಿ ಅಗಲ, 33 ಅಡಿ ಆಳದ, ಮನೆಬಳಕೆಯ ಬಾವಿಯಿತ್ತು. 1901ರಲ್ಲಿ ಹ್ಯೂಸ್ಟನ್ ಅಂಡ್ ಟೆಕ್ಸಾಸ್ ಸೆಂಟ್ರಲ್ ರೈಲ್ವೆ ಕಂಪನಿ ತನ್ನ ಎಂಜಿನುಗಳಿಗೂ ಕಾರ್ಖಾನೆಗೂ ನೀರು ಬೇಕೆಂದು ಹತ್ತಿರದಲ್ಲೇ 20 ಅಡಿ ಅಗಲ, 66 ಅಡಿ ಆಳದ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್ ಎಳೆಯತೊಡಗಿತು. ನಮ್ಮ ಲೆಕ್ಕದಲ್ಲಿ ಸುಮಾರು 95,000 ಲೀಟರ್; ಬೆಂಗಳೂರಿನ 6,000 ಲೀಟರಿನ ಟ್ಯಾಂಕರುಗಳಾದರೆ ಹದಿನಾರು! ಈಸ್ಟ್ ಅವರ ಬಾವಿ ಬತ್ತಿತು. ಅವರು ಕೋರ್ಟಿಗೆ ಹೋದರು. ಅವರ ನಷ್ಟ 206 ಡಾಲರ್ 25 ಸೆಂಟ್ ಎಂದು ಲೆಕ್ಕವಾಯಿತು. ಮೇಲ್ಮನವಿ ಕೋರ್ಟು ಕಂಪನಿ ಅದನ್ನು ಕೊಡಲಿ ಎಂದಿತು. 1904ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು ಕೊಡಬೇಕಿಲ್ಲ ಎಂದಿತು. ತನ್ನ ನೆಲದ ಕೆಳಗಿನ ನೀರನ್ನು ಒಡೆಯ ಎಷ್ಟು ಬೇಕಾದರೂ ಎತ್ತಬಹುದು. ನೆಲದೊಳಗೆ ನೀರು ಹರಿಯುವ ಬಗೆ ಕಣ್ಣಿಗೆ ಕಾಣದ ಗುಟ್ಟು, ಅದಕ್ಕೆ ಕಾನೂನು ಮಾಡಲಾಗದು ಎಂಬುದು ತರ್ಕ. ನಷ್ಟದ ಅಂಕಿ ಇತ್ತು, ಕೊಡುವವರು ಮಾತ್ರ ಇರಲಿಲ್ಲ.

ಈ ತರ್ಕ ಟೆಕ್ಸಾಸಿನ ಸ್ವಂತದ್ದಲ್ಲ. 1843ರಲ್ಲಿ ಇಂಗ್ಲೆಂಡಿನಲ್ಲಿ ಹತ್ತಿಗಿರಣಿಯೊಂದರ ಬಾವಿ ಕಲ್ಲಿದ್ದಲು ಗಣಿಯಿಂದಾಗಿ ಬತ್ತಿದಾಗ, ಆಕ್ಟನ್ ಮತ್ತು ಬ್ಲಂಡೆಲ್ ನಡುವಿನ ಮೊಕದ್ದಮೆಯಲ್ಲಿ, ಅಲ್ಲಿನ ಕೋರ್ಟು ಹೇಳಿದ್ದೂ ಇದನ್ನೇ. ಟೆಕ್ಸಾಸ್ ತೀರ್ಪು ಅದನ್ನೇ ಆಧಾರವಾಗಿ ಹಿಡಿಯಿತು. ಅದೇ ಇಂಗ್ಲಿಷ್ ತತ್ವ ಹಡಗು ಹತ್ತಿ ನಮ್ಮ ಕಡೆಗೂ ಬಂದಿತ್ತು. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆ (ಈಸ್‌ಮೆಂಟ್ಸ್ ಆಕ್ಟ್) ತನ್ನ ಏಳನೆಯ ಸೆಕ್ಷನ್ನಿನಲ್ಲಿ, ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರೆಲ್ಲ ನೆಲದೊಡೆಯನ ಕೈವಶ ಎಂದು ಬರೆಯಿತು. ಅದು ಮೊದಲು ಜಾರಿಯಾದ ಸೀಮೆಗಳಲ್ಲಿ ಮದರಾಸು ಪ್ರಾಂತ್ಯವೂ ಕೊಡಗೂ ಇದ್ದವು. ಅಂದರೆ ನಮ್ಮ ಮಂಗಳೂರು, ಬಳ್ಳಾರಿ, ಮಡಿಕೇರಿಗಳು. ಹಗ್ಗ ಮತ್ತು ಕೊಡದ ಕಾಲಕ್ಕೆ ನಿರಪಾಯವಾಗಿದ್ದ ಆ ಮಾತು ರಿಗ್ ಲಾರಿಯ ಕಾಲಕ್ಕೂ ಹಾಗೆಯೇ ಉಳಿಯಿತು.

ಆಮೇಲೆ ಎರಡೂ ಕಡೆ ತೇಪೆ ಹಾಕುವ ಕೆಲಸ ನಡೆಯಿತು. ಟೆಕ್ಸಾಸ್ 1949ರಲ್ಲಿ ಅಂತರ್ಜಲ ಜಿಲ್ಲೆಗಳಿಗೆ ದಾರಿ ಮಾಡಿತು. ಆದರೆ 1999ರಲ್ಲಿ, ಬಾಟಲಿ ನೀರಿನ ಕಂಪನಿಯ ಎದುರು ಮನೆ ಬಾವಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಮತ್ತೆ 1904ರ ಮಾತನ್ನೇ ಎತ್ತಿಹಿಡಿಯಿತು. ಇಲ್ಲಿನ ಕಾನೂನಿನಲ್ಲಿ ಹತ್ತು ಎಕರೆಗೂ ದೊಡ್ಡ ಜಾಗದ ಮನೆ ಬಾವಿಗೆ ಪರವಾನಗಿಯಿಂದ ವಿನಾಯಿತಿಯಿದೆ, ದಿನಕ್ಕೆ 25,000 ಗ್ಯಾಲನ್ ಮೀರದಿದ್ದರೆ ಸಾಕು. ಈಸ್ಟ್ ಅವರ ಬಾವಿಯನ್ನು ಬತ್ತಿಸಿದ್ದೂ ಇಷ್ಟೇ ಗ್ಯಾಲನ್! ಕರ್ನಾಟಕದಲ್ಲಿ 1999ರ ಕಾಯಿದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದಿತು. 2011ರ ಕಾಯಿದೆ ಬಾವಿಗಳ ನೋಂದಣಿಗೆ ಹೊರಟಿತು. ಕಾಗದ ಮುಂದೆ ಹೋಯಿತು, ನೀರು ಕೆಳಗೆ ಹೋಯಿತು. ಬೆಂಗಳೂರಿನಲ್ಲಿ ಸರ್ಕಾರಿ ಬೋರ್‌ವೆಲ್ 13,900 ಇದ್ದು, ಅದರಲ್ಲಿ 6,900 ಬತ್ತಿವೆ ಎಂದು 2024ರ ಮಾರ್ಚಿನಲ್ಲಿ ಸರ್ಕಾರವೇ ಹೇಳಿತು.

ಇಷ್ಟರ ನಡುವೆ ಒಂದು ಒಳ್ಳೆಯ ಸುದ್ದಿಯೂ ಇದೆ. ಅದೇ ಬೆಂಗಳೂರಿನಲ್ಲಿ ಮಣ್ಣು ಒಡ್ಡರ ಕುಟುಂಬಗಳು ಮತ್ತೆ ಬಾವಿ ತೋಡುತ್ತಿವೆ. ಹತ್ತು ಲಕ್ಷ ಬಾವಿಗಳು ಬೇಕು ಎಂಬ ಆಂದೋಲನ ಅವರಿಗೆ ಕೆಲಸ ತಂದಿದೆ. ಚಾವಣಿಯ ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿಗಳು ಅವು. ಅಲ್ಲಿ ಇಳಿದ ನೀರು ಯಾರ ಬೇಲಿಯನ್ನೂ ಕೇಳುವುದಿಲ್ಲ, ಪಕ್ಕದ ಮನೆಯ ಬಾವಿಗೂ ಹೋಗುತ್ತದೆ. ಶಾಸನದ ಕಾಲದ ಪುಣ್ಯವೆಂದರೆ ಬಹುಶಃ ಇದೇ ಇರಬೇಕು, ಈ ಸಲ ಕೇರಿಯನ್ನು ಹೊರಗಿಡದೆ.

ನಮ್ಮ ಗೆಳೆಯರು ಮೊನ್ನೆ ಫೋನ್ ಮಾಡಿದ್ದರು. ಸಹಿ ಹಾಕುವ ಮುಂಚೆ ನೆರೆಮನೆಯ ವೃದ್ಧ ದಂಪತಿಯನ್ನು ಮಾತಾಡಿಸಿ ಬಂದರಂತೆ. ಅವರ ಬಾವಿ 280 ಅಡಿಯದು. "ನಾನು ಆರುನೂರಕ್ಕೆ ಹೋದ್ರೆ ಅವರ ಗತಿ ಏನು ಅಂತ ಯಾರೂ ಹೇಳಲ್ಲ ಕಣ್ರೀ" ಎಂದರು. ಈಗ ಮನೆಯ ನಕ್ಷೆಯಲ್ಲಿ ಮಳೆನೀರಿನ ದೊಡ್ಡ ಟ್ಯಾಂಕಿಗೂ ಜಾಗ ಬಿಟ್ಟಿದ್ದಾರೆ. ಬೋರ್‌ವೆಲ್ ಬೇಡವೆಂದಲ್ಲ, ಕಡಿಮೆ ಎಳೆದರೆ ಸಾಕೆಂದು. ಖರ್ಚು ಇನ್ನಷ್ಟು ಏರಿದೆ. ಈ ಸಲ ನಾವು ನಗಲಿಲ್ಲ.

ನಿಮ್ಮ ಊರಿನ, ನಿಮ್ಮ ಹಿತ್ತಲಿನ ಬಾವಿಯ ಲೆಕ್ಕ ನೆನಪಿದ್ದರೆ ನಮಗೆ ಬರೆದು ಕಳಿಸಿ. ಎಷ್ಟು ಅಡಿ, ಎಷ್ಟು ದುಡ್ಡು ಎಂಬುದರ ಜೊತೆಗೆ ಪಕ್ಕದ ಮನೆಯ ಬಾವಿ ಏನಾಯಿತು ಎಂಬುದನ್ನೂ ಬರೆಯಿರಿ.